ಓವಲ್ ವಜ್ರದ ಕಟ್ ಚೆನ್ನಾಗಿದೆಯಾ? ನೀವೇ ನೋಡಿ ತಿಳಿಯುವ ಬಗೆ

ಓವಲ್ ವಜ್ರದ ಉಂಗುರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಕ್ಯಾರೆಟ್? ಬಣ್ಣ ಯಾವ ಗ್ರೇಡ್? ಕ್ಲ್ಯಾರಿಟಿ, ಅಂದರೆ ಒಳಗೆ ಚುಕ್ಕೆ ಕಲೆ ಇಲ್ಲದ ಶುಭ್ರತೆ, ಎಷ್ಟು? ಮೂರಕ್ಕೂ ಉತ್ತರ ಸರ್ಟಿಫಿಕೇಟಿನಲ್ಲಿ ಸಿಗುತ್ತದೆ. ಕಟ್, ಅಂದರೆ ಕಲ್ಲನ್ನು ಸಣ್ಣ ಸಣ್ಣ ಚಪ್ಪಟೆ ಮುಖಗಳಾಗಿ ಕತ್ತರಿಸಿರುವ ರೀತಿ, ಹೇಗಿದೆ ಅನ್ನುವ ನಾಲ್ಕನೇ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಅಲ್ಲಿ ಉತ್ತರ ಇರುವುದಿಲ್ಲ. ಕಲ್ಲು ಬೆರಳ ಮೇಲೆ ಮಿನುಗುತ್ತದೋ, ಮಂಕಾಗಿ ಕೂರುತ್ತದೋ ಅನ್ನುವುದು ಹೆಚ್ಚಾಗಿ ಆ ನಾಲ್ಕನೆಯದನ್ನೇ ಅವಲಂಬಿಸಿದೆ.

ವಜ್ರ ಪರೀಕ್ಷಿಸಿ ಗ್ರೇಡ್ ಕೊಡುವ ಅಮೆರಿಕದ ಜಿಐಎ ಲ್ಯಾಬ್ 2006ರಿಂದ ದುಂಡು ವಜ್ರಗಳ ರಿಪೋರ್ಟಿನಲ್ಲಿ ಕಟ್ ಗ್ರೇಡ್ ಕೊಡುತ್ತಿದೆ. ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ಹಂತ. ಓವಲ್ ಕಲ್ಲಿನ ಜಿಐಎ ರಿಪೋರ್ಟ್ ತೆಗೆದು ನೋಡಿದರೆ ಸಾಮಾನ್ಯವಾಗಿ ಆ ಸಾಲೇ ಇರುವುದಿಲ್ಲ. ಪಾಲಿಶ್, ಸಿಮೆಟ್ರಿ ಎರಡೇ ಇರುತ್ತವೆ. ಅಂಗಡಿಯಲ್ಲಿ "ಎರಡೂ ಎಕ್ಸಲೆಂಟ್ ಇದೆ ಮೇಡಂ, ಕಣ್ಣುಮುಚ್ಚಿ ತಗೊಳ್ಳಿ" ಅಂತಾರೆ. ಪಾಲಿಶ್ ಅಂದರೆ ಮುಖಗಳನ್ನು ಎಷ್ಟು ನುಣುಪಾಗಿ ಉಜ್ಜಿದ್ದಾರೆ ಅನ್ನುವುದು. ಸಿಮೆಟ್ರಿ ಅಂದರೆ ಆ ಮುಖಗಳು ಒಂದಕ್ಕೊಂದು ಸರಿಯಾಗಿ ಕೂಡಿವೆಯಾ ಅನ್ನುವುದು. ಎರಡೂ ಮೊದಲ ದರ್ಜೆ ಇದ್ದು, ಕಲ್ಲಿನ ನಡುವೆ ಕಪ್ಪು ಪಟ್ಟಿ ಎದ್ದು ಕಾಣಬಹುದು. ಬೇರೆ ಕೆಲವು ಲ್ಯಾಬ್‌ಗಳು ಓವಲ್‌ಗೂ ಕಟ್ ಗ್ರೇಡ್ ಕೊಡುವುದುಂಟು. ಆದರೆ ಅಳೆಯುವ ರೀತಿ ಎಲ್ಲರದೂ ಒಂದೇ ಅಲ್ಲ.

ಹಾಗಾಗಿ ಓವಲ್ ಕೊಳ್ಳುವಾಗ ಕೆಲಸ ಎರಡು ಭಾಗ. ಕಾಗದದ ಅಂಕಿಗಳನ್ನು ನೋಡಿ ಬೇಡದ ಕಲ್ಲುಗಳನ್ನು ಪಕ್ಕಕ್ಕಿಡಬೇಕು. ಉಳಿದವುಗಳಲ್ಲಿ ಯಾವುದು ಅನ್ನುವುದನ್ನು ಕಣ್ಣಿನಿಂದಲೇ ಆರಿಸಬೇಕು. ಅಂಕಿ ನೋಡಿಯೇ ಕೊಳ್ಳುವ ತೀರ್ಮಾನ ಮಾಡಿದರೆ ಓವಲ್‌ನಲ್ಲಿ ಮೋಸ ಹೋಗುವುದು ಸುಲಭ.

ತೂಕ ಬೇಕಾ, ಮಿಂಚು ಬೇಕಾ

ಈ ಪ್ರಶ್ನೆಗೆ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಗೋಲ್ಕೊಂಡ ಸೀಮೆಯ ವಜ್ರವೆಂದು ಹೆಸರಾದ ಕೊಹಿನೂರನ್ನು 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಟ್ಟಿದ್ದರು. ಆಗ ಅದರ ತೂಕ ಹಳೆಯ ಲೆಕ್ಕದಲ್ಲಿ ಸುಮಾರು 186 ಕ್ಯಾರೆಟ್. ಮುಗಿಬಿದ್ದು ಬಂದ ಜನ ಕಲ್ಲು ಹೊಳೆಯುವುದೇ ಇಲ್ಲವಲ್ಲ ಅಂತ ನಿರಾಸೆಯಿಂದ ಹಿಂತಿರುಗಿದರು. ಮರುವರ್ಷ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಅದನ್ನು ಮತ್ತೆ ಕತ್ತರಿಸಲು ಏರ್ಪಾಡು ಮಾಡಿದ. ಡಚ್ ಕುಶಲಕರ್ಮಿಗಳು ಬಂದು ಅದನ್ನು ಓವಲ್ ಬ್ರಿಲಿಯಂಟ್ ಆಗಿ ಕಟ್ ಮಾಡಿದರು. ಉಳಿದದ್ದು 105.6 ಕ್ಯಾರೆಟ್. 40 ಪ್ರತಿಶತಕ್ಕಿಂತ ಜಾಸ್ತಿ ತೂಕ ಪುಡಿಯಾಗಿ ಹೋಯಿತು.

ಇವತ್ತಿನ ಕಟ್ಟರ್‌ಗೂ ಇರುವುದು ಅದೇ ಇಕ್ಕಟ್ಟು, ಸಣ್ಣ ಅಳತೆಯಲ್ಲಿ. ಪ್ರಪಂಚದ ಹೆಚ್ಚಿನ ವಜ್ರಗಳು ಕಟ್ ಆಗುವುದು ಸೂರತ್‌ನಲ್ಲಿ. ಅಲ್ಲಿ ಮೇಜಿನ ಮೇಲಿರುವ ಕಲ್ಲು 95 ಸೆಂಟ್ಸ್‌ಗೆ, ಅಂದರೆ 0.95 ಕ್ಯಾರೆಟ್‌ಗೆ, ಚೆನ್ನಾಗಿ ಬರುತ್ತದೆ ಅಂದುಕೊಳ್ಳಿ. ಹೊಟ್ಟೆಯನ್ನು ಸ್ವಲ್ಪ ದಪ್ಪ ಬಿಟ್ಟರೆ ಅದೇ ಕಲ್ಲು 1 ಕ್ಯಾರೆಟ್ ದಾಟುತ್ತದೆ. 1 ಕ್ಯಾರೆಟ್ ದಾಟಿದ ಕೂಡಲೇ ಕ್ಯಾರೆಟ್ ಲೆಕ್ಕದ ರೇಟೇ ಮೇಲಕ್ಕೆ ಜಿಗಿಯುತ್ತದೆ. ಯಾರಾದರೂ ಏನು ಮಾಡುತ್ತಾರೆ? 1.00, 1.01, 1.50 ಅಂತ ಗೆರೆ ದಾಟಿದ ತಕ್ಷಣ ನಿಂತಿರುವ ತೂಕ ಕಂಡರೆ ಅದಕ್ಕೇ ಸ್ವಲ್ಪ ಹೆಚ್ಚು ಎಚ್ಚರದಿಂದ ನೋಡಿ. 0.93, 0.96ರ ಒಳ್ಳೆಯ ಕಲ್ಲು ಸಿಕ್ಕರೆ ಬಿಡಬೇಡಿ.

ಓವಲ್ ಯಾಕೆ ಕಷ್ಟ

ನಮ್ಮ ಮನೆಗಳಲ್ಲಿ ವಜ್ರ ಅಂದರೆ ಏಳು ಕಲ್ಲಿನ ಓಲೆ, ಮೂಗುಬೊಟ್ಟು. ಬಹುತೇಕ ದುಂಡು ಕಲ್ಲುಗಳೇ. ಹಿರಿಯರ ಕಣ್ಣು ಪಳಗಿರುವುದೂ ಅವುಗಳ ಮೇಲೆ. "ಬ್ಲೂ ಜಾಗರ್ ಇದ್ರೆ ತೋರಿಸಿ" ಅಂತ ಕೇಳುವ ಅಜ್ಜಿಯರು ಈಗಲೂ ಇದ್ದಾರೆ. ಅದು ನೀಲಿ ಛಾಯೆಯ ಮಾತು, ಕಟ್‌ನ ಮಾತಲ್ಲ. ಅವರ ಅನುಭವಕ್ಕೆ ಬೆಲೆ ಇದೆ, ಜೊತೆಗೆ ಕರೆದುಕೊಂಡು ಹೋಗಿ. ಆದರೆ ಓವಲ್‌ನಲ್ಲಿ ನೋಡಬೇಕಾದ ಜಾಗಗಳೇ ಬೇರೆ.

ಒಂದು ಸಣ್ಣ ಲೆಕ್ಕ ನೋಡಿ. ವಜ್ರದ ಸೊಂಟದ ಗೆರೆಗೆ ಗರ್ಡಲ್ ಅಂತಾರೆ. ಅದರ ಕೆಳಗಿನ ಇಳಿಜಾರು ಭಾಗ ಪೆವಿಲಿಯನ್. ಮೇಲಿಂದ ಬಂದ ಬೆಳಕು ಈ ಇಳಿಜಾರಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೆ ಬಂದರೆ ಮಿಂಚು. ಕೆಳಗೆ ಸೋರಿ ಹೋದರೆ ಮಂಕು. ದುಂಡು ಕಲ್ಲಿನಲ್ಲಿ ಸುತ್ತಲೂ ಒಂದೇ ಇಳಿಜಾರು. 41 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಈಗ 8 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಓವಲ್ ತಗೊಳ್ಳಿ. ಗರ್ಡಲ್‌ನಿಂದ ತಳಕ್ಕೆ 2.6 ಮಿ.ಮೀ. ಆಳ ಇರಲಿ. ಅಗಲದ ಕಡೆಯಿಂದ ತಳಕ್ಕೆ ನೇರ ಗೆರೆ ಎಳೆದರೆ ಇಳಿಜಾರು ಸುಮಾರು 41 ಡಿಗ್ರಿ ಬರುತ್ತದೆ. ಉದ್ದದ ತುದಿಯಿಂದ ಎಳೆದರೆ 33 ಡಿಗ್ರಿ ಮಾತ್ರ. ಒಂದೇ ಕಲ್ಲು, ಎರಡು ಇಳಿಜಾರು. ನಡುವಿನ ಮುಖಗಳನ್ನು ಹೇಗೆ ಹೊಂದಿಸಿ ಈ ವ್ಯತ್ಯಾಸ ಮುಚ್ಚುತ್ತಾನೆ ಅನ್ನುವುದರಲ್ಲೇ ಕಟ್ಟರ್‌ನ ಕೈಚಳಕ ಇರುವುದು. ಅದನ್ನು ರಿಪೋರ್ಟಿನ ಎರಡು ಮೂರು ಅಂಕಿ ಹೇಳಲಾರವು.

ಮೊದಲ ಹೆಜ್ಜೆ: ರಿಪೋರ್ಟ್ ಕೈಗೆ ತಗೊಳ್ಳಿ

ಅಳತೆಯ ಸಾಲು ಹುಡುಕಿ. ಉದ್ದ × ಅಗಲ × ಆಳ, ಮಿಲಿಮೀಟರಿನಲ್ಲಿ ಇರುತ್ತದೆ. ಕ್ಯಾರೆಟ್‌ಗಿಂತ ಮೊದಲು ಇದನ್ನೇ ಓದಿ. ಬೆರಳ ಮೇಲೆ ಕಾಣುವುದು ಉದ್ದ, ಅಗಲ. ಆಳ ಉಂಗುರದೊಳಗೆ ಅಡಗಿರುತ್ತದೆ, ಆದರೆ ಅದರ ತೂಕಕ್ಕೂ ದುಡ್ಡು ಕೊಡುವವರು ನೀವೇ.

ಎರಡು ಕಲ್ಲು ಹೋಲಿಸಿ ತೋರಿಸುತ್ತೇನೆ. ಒಂದು 7.9 × 5.8 × 3.50. ಇನ್ನೊಂದು 7.4 × 5.5 × 3.95. ಓವಲ್‌ನ ತೂಕ ಅಂದಾಜು ಮಾಡಲು ಒಂದು ಸೂತ್ರ ಇದೆ. ಉದ್ದ, ಅಗಲ ಕೂಡಿಸಿ ಅರ್ಧ ಮಾಡಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 0.0062ರಿಂದ ಗುಣಿಸಿ. ಎರಡು ಕಲ್ಲಿಗೂ ಸುಮಾರು 1.02 ಕ್ಯಾರೆಟ್ ಬರುತ್ತದೆ. ಈಗ ಬರೀ ಉದ್ದ ಅಗಲ ಗುಣಿಸಿ ನೋಡಿ. ಮೊದಲನೆಯದು 45.8, ಎರಡನೆಯದು 40.7. ತೂಕ ಒಂದೇ, ಆದರೆ ಎರಡನೇ ಕಲ್ಲು ಮೇಲಿಂದ 11 ಪ್ರತಿಶತ ಚಿಕ್ಕದಾಗಿ ಕಾಣುತ್ತದೆ. ತೂಕ ಹೊಟ್ಟೆಯಲ್ಲಿ ಅಡಗಿದೆ. ಒಂದು ಗುರುತು ಇಟ್ಟುಕೊಳ್ಳಿ: 1 ಕ್ಯಾರೆಟ್ ಓವಲ್ ಸಾಮಾನ್ಯವಾಗಿ 7.7 × 5.7 ಆಸುಪಾಸು ಇರುತ್ತದೆ. ಅದಕ್ಕಿಂತ ತೀರಾ ಚಿಕ್ಕದಿದ್ದರೆ ಯಾಕೆ ಅಂತ ಕೇಳಿ.

ಡೆಪ್ತ್ ಶೇಕಡಾವಾರು ಅಂತ ಇನ್ನೊಂದು ಸಾಲು ಇರುತ್ತದೆ. ಓವಲ್‌ನಲ್ಲಿ ಅದು ಆಳವನ್ನು ಅಗಲದಿಂದ ಭಾಗಿಸಿದ ಲೆಕ್ಕ, ಉದ್ದದಿಂದ ಅಲ್ಲ. ನಾನು 58ರಿಂದ 63ರ ನಡುವಿನ ಕಲ್ಲುಗಳನ್ನು ಮೊದಲು ತೆಗೆಸುತ್ತೇನೆ. 65ರವರೆಗೂ ಚೆಂದದ ಕಲ್ಲು ಸಿಗಬಹುದು. 68, 70 ದಾಟಿದರೆ ಮೇಲಿನ ಎರಡನೇ ಕಲ್ಲಿನ ಕಥೆಯೇ. ಅದರ ಡೆಪ್ತ್ ಸುಮಾರು 72. ತೀರಾ ಕಡಿಮೆ ಇದ್ದರೆ, ಅಂದರೆ 55ರ ಕೆಳಗೆ ಬಂದರೆ, ಕಲ್ಲು ದೊಡ್ಡದಾಗಿ ಕಾಣುತ್ತದೆ, ಆದರೆ ಬೆಳಕು ಸೋರುವ ಭಯ ಜಾಸ್ತಿ. ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ, 54ರಿಂದ 62 ಪ್ರತಿಶತ ಇದ್ದರೆ ಸಾಕು.

ಗರ್ಡಲ್ ಸಾಲನ್ನು ಬಹಳ ಜನ ಓದುವುದೇ ಇಲ್ಲ. "ಎಕ್ಸ್‌ಟ್ರೀಮ್ಲಿ ಥಿಕ್" ಅಂತ ಇದ್ದರೆ ತೂಕ ಅಲ್ಲೂ ಅಡಗಿದೆ. "ವೆರಿ ಥಿನ್" ಅಂತ ಇದ್ದರೆ ಅಂಚು ಚಕ್ಕೆ ಏಳುವ ಅಪಾಯ. ಪಾಲಿಶ್, ಸಿಮೆಟ್ರಿ ವೆರಿ ಗುಡ್ ಇದ್ದರೂ ಸಾಕು. ಎಕ್ಸಲೆಂಟ್‌ಗಾಗಿ ಒಳ್ಳೆಯ ಕಲ್ಲೊಂದನ್ನು ಕೈಬಿಡಬೇಡಿ.

ಎರಡನೇ ಹೆಜ್ಜೆ: ದೀಪದಿಂದ ಆಚೆ ಬನ್ನಿ

ಕಮರ್ಷಿಯಲ್ ಸ್ಟ್ರೀಟ್ ಆಗಲಿ, ಅವೆನ್ಯೂ ರೋಡ್ ಆಗಲಿ, ನಿಮ್ಮೂರ ಚಿನ್ನದಂಗಡಿ ಆಗಲಿ, ವಜ್ರದ ಕೌಂಟರ್ ಮೇಲೆ ಸಣ್ಣ ಸಣ್ಣ ಸ್ಪಾಟ್ ಲೈಟುಗಳ ಸಾಲು ಇದ್ದೇ ಇರುತ್ತದೆ. ಆ ಬೆಳಕಿನಲ್ಲಿ ಕೆಟ್ಟ ಕಟ್ ಕೂಡ ಫಳಫಳ ಅನ್ನುತ್ತದೆ. ಅಲ್ಲಿ ನಿಂತು ತೀರ್ಮಾನ ಮಾಡಬೇಡಿ. ಕಿಟಕಿಯ ಹತ್ತಿರ, ನೆರಳಿರುವ ಬಾಗಿಲ ಬಳಿ, ಸಾಮಾನ್ಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಕು ಅಂತ ಕೇಳಿ. ಕೇಳಲು ಸಂಕೋಚ ಬೇಡ, ಲಕ್ಷಗಟ್ಟಲೆ ಕೊಡುವವರು ನೀವು. ನೇರ ಬಿಸಿಲು ಕೂಡ ಬೇಡ. ಬಿಸಿಲಿನಲ್ಲಿ ಬಣ್ಣದ ಕಿಡಿಗಳು ಹಾರುತ್ತವೆ, ಉಳಿದ ಕಲ್ಲು ಕಪ್ಪಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ.

ಉಂಗುರದಲ್ಲಿ ಕೂರಿಸದ ಬಿಡಿ ಕಲ್ಲು ಸಿಕ್ಕರೆ ಅದನ್ನೇ ನೋಡಿ. ಚಿಮಟದಲ್ಲಿ ಹಿಡಿಸಿ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಿಂದ ನೋಡಿ. ಬರಿಗಣ್ಣು ಸಾಕು, ಲೂಪ್ (ವಜ್ರ ನೋಡುವ ಪುಟ್ಟ ಭೂತಗನ್ನಡಿ) ಈಗ ಬೇಡ. ಮೂರ್ನಾಲ್ಕು ಓವಲ್‌ಗಳನ್ನು ಪಕ್ಕಪಕ್ಕದಲ್ಲಿ ಇಡಿಸಿಕೊಳ್ಳಿ. ಒಂದನ್ನೇ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಜೊತೆಗೊಂದು ಒಳ್ಳೆಯ ದುಂಡು ವಜ್ರವನ್ನೂ ಇಟ್ಟುಕೊಂಡರೆ ಮಿಂಚು ಅಂದರೆ ಯಾವ ಮಟ್ಟ ಅನ್ನುವುದು ಕಣ್ಣಿಗೆ ಹತ್ತುತ್ತದೆ.

ಮೂರನೇ ಹೆಜ್ಜೆ: ಬೋ ಟೈ

ಓವಲ್‌ನ ಅಸಲಿ ಪರೀಕ್ಷೆ ಇಲ್ಲಿದೆ. ಕಲ್ಲಿನ ನಡುವೆ, ಅಗಲದ ದಿಕ್ಕಿನಲ್ಲಿ ಅಡ್ಡಕ್ಕೆ, ಎರಡು ಕಪ್ಪು ತ್ರಿಕೋನಗಳು ಮೂತಿಗೆ ಮೂತಿ ಕೊಟ್ಟ ಹಾಗೆ ಒಂದು ನೆರಳು ಕಾಣುತ್ತದೆ. ಇದಕ್ಕೆ ವ್ಯಾಪಾರದಲ್ಲಿ ಬೋ ಟೈ ಅಂತಲೇ ಕರೆಯುತ್ತಾರೆ. ರಿಪೋರ್ಟಿನಲ್ಲಿ ಇದರ ಸುಳಿವೇ ಇರುವುದಿಲ್ಲ.

ನೆರಳು ಬರುವುದು ಯಾಕೆ? ನಡುಭಾಗದ ಆ ಮುಖಗಳು ಬೆಳಕನ್ನು ನೇರ ನಿಮ್ಮ ಮುಖದ ದಿಕ್ಕಿನಿಂದ ಹಿಡಿಯುತ್ತವೆ. ನೀವು ಬಗ್ಗಿ ನೋಡಿದಾಗ ನಿಮ್ಮ ತಲೆಯೇ ಆ ಬೆಳಕಿಗೆ ಅಡ್ಡ. ಅಂದರೆ ಅಲ್ಲಿ ಕಾಣುವ ಕಪ್ಪು ಬಹುಪಾಲು ನಿಮ್ಮ ತಲೆಯ ನೆರಳೇ. ಹಾಗಾಗಿ ಎಲ್ಲಾ ಓವಲ್‌ಗಳಲ್ಲೂ ಸ್ವಲ್ಪ ಬೋ ಟೈ ಇರುತ್ತದೆ. "ಇದರಲ್ಲಿ ಬೋ ಟೈ ಇಲ್ಲವೇ ಇಲ್ಲ ಸಾರ್" ಅಂದರೆ ನಂಬಬೇಡಿ. ಸ್ವಲ್ಪ ಇರುವುದು ಒಳ್ಳೆಯದೇ. ಬೆಳಕು ನೆರಳು ಎರಡೂ ಇದ್ದಾಗಲೇ ಕಲ್ಲಿಗೆ ಜೀವ ಬರುವುದು.

ಪರೀಕ್ಷೆ ಹೀಗೆ ಮಾಡಿ. ಮೊದಲು ಕಲ್ಲನ್ನು ನೇರವಾಗಿ ಮೇಲಿನಿಂದ ನೋಡಿ. ನೆರಳು ಎಷ್ಟು ಅಗಲ, ಎಷ್ಟು ಕಪ್ಪು ಅಂತ ಗಮನಿಸಿ. ನಂತರ ಕಲ್ಲನ್ನು ಅಲುಗಿಸದೆ ನಿಮ್ಮ ತಲೆಯನ್ನು ನಿಧಾನ ಹಿಂದಕ್ಕೆ, ಪಕ್ಕಕ್ಕೆ ಸರಿಸಿ. ನೆರಳು ತಿಳಿಯಾಗಬೇಕು. ಆಮೇಲೆ ತಲೆ ಹಾಗೇ ಇಟ್ಟು ಕಲ್ಲನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಓಲಿಸಿ. ಕಪ್ಪಿದ್ದ ಜಾಗ ಮಿಂಚಿ, ಮಿಂಚಿದ್ದ ಜಾಗ ಕಪ್ಪಾಗಿ, ಹೀಗೆ ಅದಲುಬದಲಾಗುತ್ತಿದ್ದರೆ ಕಟ್ ಚೆನ್ನಾಗಿದೆ. ಎಷ್ಟು ಓಲಿಸಿದರೂ ನಡುವಿನ ಪಟ್ಟಿ ಹಾಗೇ ಸತ್ತಂತೆ ಕೂತಿದ್ದರೆ ಆ ಕಲ್ಲನ್ನು ವಾಪಸ್ ಕೊಟ್ಟುಬಿಡಿ. ಬಣ್ಣ, ಕ್ಲ್ಯಾರಿಟಿ ಎಷ್ಟೇ ಮೇಲಿದ್ದರೂ ಅಷ್ಟೇ. ಉಂಗುರ ಹಾಕಿಕೊಂಡವರು ದಿನಾ ನೋಡುವುದು ಬಗ್ಗಿ, ಹತ್ತಿರದಿಂದ, ಸ್ವಂತ ತಲೆಯ ನೆರಳಿನಲ್ಲೇ. ಆ ಪಟ್ಟಿ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯಾಗುವುದಿಲ್ಲ.

ಆಮೇಲೆ ತುದಿಗಳು. ಬೋ ಟೈ ಮೇಲೇ ಗಮನ ಇಟ್ಟು ಬಹಳ ಜನ ತುದಿ ನೋಡುವುದನ್ನೇ ಮರೆಯುತ್ತಾರೆ. ಉದ್ದದ ಕಡೆ ಇಳಿಜಾರು ಕಡಿಮೆ ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಬೆಳಕು ಸೋರುವುದು ಹೆಚ್ಚಾಗಿ ಅಲ್ಲೇ. ಅಕ್ಷರ ಅಚ್ಚಾದ ಕಾಗದದ ಮೇಲೆ, ತೀರಾ ಹತ್ತಿರದಲ್ಲಿ, ಕಲ್ಲನ್ನು ಚಿಮಟದಲ್ಲಿ ಸಮನಾಗಿ ಹಿಡಿಸಿ. ನೇರ ಮೇಲಿನಿಂದ ನೋಡಿದಾಗ ಟೇಬಲ್ ಮೂಲಕ ಅಥವಾ ತುದಿಯ ಕಡೆ ಅಕ್ಷರ ಕಂಡರೆ ಅಲ್ಲಿ ಬೆಳಕು ಸೋರುವ ಕಿಟಕಿ ಇದೆ ಅಂತ ಅರ್ಥ. ಕಲ್ಲನ್ನು ವಾರೆ ಮಾಡಿ ನೋಡಬೇಡಿ. ವಾರೆ ಹಿಡಿದರೆ ಒಳ್ಳೆಯ ವಜ್ರದಲ್ಲೂ ಸ್ವಲ್ಪ ಆಚೆ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಮಿಂಚಿನ ಬಗೆ

ಕಟ್ ಚೆನ್ನಾಗಿರುವ ಓವಲ್‌ಗಳಲ್ಲೂ ಎರಡು ಬಗೆ ಇವೆ. ಕೆಲವದರಲ್ಲಿ ದೊಡ್ಡ ದೊಡ್ಡ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಅಲುಗಿಸಿದಾಗ ಅಗಲವಾದ ಮಿಂಚುಗಳು ಹತ್ತಿ ಆರುತ್ತವೆ, ಸಂಜೆಯ ಮಂದ ಬೆಳಕಿನಲ್ಲಿ ಬಣ್ಣದ ಕಿಡಿ ಎದ್ದು ಕಾಣುತ್ತದೆ. ಇನ್ನು ಕೆಲವದರಲ್ಲಿ ಸಣ್ಣ ಸಣ್ಣ ಚೂರು ಮಿನುಗುಗಳು ಕಲ್ಲಿನ ತುಂಬ. ಇದನ್ನು ಕ್ರಷ್ಡ್ ಐಸ್ ಅಂತಾರೆ. ಇದು ಬೋ ಟೈಯನ್ನೂ ಒಳಗಿನ ಸಣ್ಣ ಚುಕ್ಕೆಗಳನ್ನೂ ಚೆನ್ನಾಗಿ ಮರೆಮಾಡುತ್ತದೆ. ಆದರೆ ಅತಿಯಾದರೆ ಕಲ್ಲು ನೀರುನೀರಾಗಿ, ಹಿಡಿತವಿಲ್ಲದೆ ಕಾಣುತ್ತದೆ.

ಯಾವುದು ಮೇಲು ಅನ್ನುವುದು ನಿಮ್ಮ ಇಷ್ಟ. ನನ್ನ ಅಭಿಪ್ರಾಯ ಕೇಳಿದರೆ, 1 ಕ್ಯಾರೆಟ್‌ಗಿಂತ ದೊಡ್ಡ ಕಲ್ಲಿಗೆ ಮೊದಲ ಬಗೆ. ಅರ್ಧ ಕ್ಯಾರೆಟ್ ಸುತ್ತಮುತ್ತ ಎರಡೂ ನಡೆಯುತ್ತದೆ. ಯಾವ ಬಗೆಯೇ ಆದರೂ ಮಿನುಗು ತುದಿಯಿಂದ ತುದಿವರೆಗೆ ಹರಡಿರಬೇಕು. ನಡುವೆ ಮಾತ್ರ ಮಿಂಚಿ ಅಂಚೆಲ್ಲ ಬೂದಿ ಬಣ್ಣ ಇದ್ದರೆ ಬೇಡ.

ಐದನೇ ಹೆಜ್ಜೆ: ಆಕಾರ

ಉದ್ದವನ್ನು ಅಗಲದಿಂದ ಭಾಗಿಸಿ. 1.35ರಿಂದ 1.45 ಬಂದರೆ ಹೆಚ್ಚಿನವರ ಕಣ್ಣಿಗೆ ಸರಿ ಅನಿಸುವ ಓವಲ್. 1.30ರ ಕೆಳಗೆ ದುಂಡಗೆ ಕಾಣತೊಡಗುತ್ತದೆ. 1.50 ದಾಟಿದರೆ ಬೆರಳು ಉದ್ದ ಕಾಣುತ್ತದೆ, ಆದರೆ ಬೋ ಟೈ ಸಂಭಾಳಿಸುವುದು ಕಟ್ಟರ್‌ಗೆ ಕಷ್ಟ.

ಅನುಪಾತ ಒಂದೇ ಇದ್ದರೂ ರೂಪ ಬೇರೆ ಇರಬಹುದು. ಕೆಲವದಕ್ಕೆ ಭುಜ ಉಬ್ಬಿ ಚೌಕದ ಛಾಯೆ ಬಂದಿರುತ್ತದೆ. ಕೆಲವದರ ಒಂದು ತುದಿ ಸಣ್ಣಗಾಗಿ ಮೊಟ್ಟೆಯ ಹಾಗಿರುತ್ತದೆ. ಕಲ್ಲನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ನಾಲ್ಕೂ ಒಂದೇ ತರ ಇವೆಯಾ ನೋಡಿ. ಆಮೇಲೆ ಬಾಲ ತಿರುಗಿಸಿ, ಅಂದರೆ ಮೇಲಿನ ತುದಿ ಕೆಳಗೆ ಬರುವ ಹಾಗೆ ಇಟ್ಟು ಮತ್ತೆ ನೋಡಿ. ಎರಡೂ ಸಲ ಒಂದೇ ಕಲ್ಲಿನ ಹಾಗೆ ಕಾಣಬೇಕು.

ಬಣ್ಣದ ಬಗ್ಗೆ ಇಷ್ಟೇ ಹೇಳುತ್ತೇನೆ. ಓವಲ್‌ನ ತುದಿಗಳಲ್ಲಿ ಹಳದಿ ಛಾಯೆ ದುಂಡು ಕಲ್ಲಿಗಿಂತ ಬೇಗ ಕಾಣುತ್ತದೆ. ವೈಟ್ ಗೋಲ್ಡ್ ಅಥವಾ ಪ್ಲಾಟಿನಂಗೆ ಬಣ್ಣದ ಗ್ರೇಡ್ ಜಿ, ಎಚ್ ಇದ್ದರೆ ಒಳ್ಳೆಯದು. ಹಳದಿ ಚಿನ್ನಕ್ಕೆ ಐ, ಜೆ ಕೂಡ ಆಗುತ್ತದೆ. ಹಾಗೆ ಉಳಿದ ದುಡ್ಡನ್ನು ಕಟ್‌ಗೆ ಹಾಕಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ

ಫೋಟೋ ನಂಬಬೇಡಿ, ಕಲ್ಲು ತಿರುಗುವ ವಿಡಿಯೋ ನೋಡಿ. ಕಲ್ಲು ನೇರ ಕ್ಯಾಮೆರಾಗೆ ಮುಖ ಮಾಡಿದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ಬೋ ಟೈ ನೋಡಿ. ಎರಡು ಬದಿಗೆ ಸ್ವಲ್ಪ ತಿರುಗಿದಾಗ ಏನಾಗುತ್ತದೆ ಅಂತಲೂ ನೋಡಿ. ಕ್ಯಾಮೆರಾ ತೀರಾ ಹತ್ತಿರ ಇರುವುದರಿಂದ ಕಪ್ಪು ನಿಜಕ್ಕಿಂತ ಹೆಚ್ಚಾಗಿ ಕಾಣುವುದುಂಟು. ಆದ್ದರಿಂದ ಒಂದೇ ಅಂಗಡಿಯ, ಒಂದೇ ಬೆಳಕಿನ ವಿಡಿಯೋಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ.

ಎಸೆಟ್ ಚಿತ್ರ ಇದೆಯಾ ಅಂತ ಕೇಳಿ. ಕಲ್ಲು ಎಲ್ಲಿಂದ ಬೆಳಕು ಹಿಡಿಯುತ್ತಿದೆ ಅನ್ನುವುದನ್ನು ಬಣ್ಣಗಳಲ್ಲಿ ತೋರಿಸುವ ಚಿತ್ರ ಅದು. ಕೆಂಪು ಅಂದರೆ ಮೇಲಿನ ಪ್ರಖರ ಬೆಳಕು, ಹಸಿರು ಅಂದರೆ ಪಕ್ಕದ ಬೆಳಕು, ನೀಲಿ ಅಂದರೆ ನೋಡುವವರ ತಲೆ ಅಡ್ಡ ಬರುವ ಭಾಗ. ಬಿಳಿ ಹಿನ್ನೆಲೆಯ ಚಿತ್ರದಲ್ಲಿ ಬಿಳಿಯಾಗಿ, ಕಪ್ಪು ಹಿನ್ನೆಲೆಯಲ್ಲಿ ಕಪ್ಪಾಗಿ ಕಾಣುವ ಜಾಗ ಸೋರಿಕೆ. ಕೆಂಪು ಜಾಸ್ತಿ ಇದ್ದು, ನೀಲಿ ನಡುವೆ ಗಟ್ಟಿ ಪಟ್ಟಿಯಾಗದೆ ಚದುರಿದ್ದರೆ ಒಳ್ಳೆಯ ಕಲ್ಲು. ವಾಪಸ್ ಕೊಡುವ ಅವಕಾಶ ಇಲ್ಲದ ಕಡೆ ಓವಲ್ ಕೊಳ್ಳಲೇಬೇಡಿ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಈ ಎಲ್ಲ ಪರೀಕ್ಷೆ ಹಾಗೆಯೇ ಅನ್ವಯ. ಅವುಗಳ ಬೆಲೆ ಈಗ ಬಹಳ ಇಳಿದಿರುವುದರಿಂದ ಕಟ್‌ನಲ್ಲಿ ರಾಜಿ ಮಾಡಿಕೊಳ್ಳಲು ಕಾರಣವೇ ಇಲ್ಲ. ಹತ್ತು ಕಲ್ಲು ತಳ್ಳಿ ಹನ್ನೊಂದನೆಯದನ್ನು ಆರಿಸಿ. 2025ರಿಂದ ಜಿಐಎ ಇಂಥ ವಜ್ರಗಳಿಗೆ ಹಳೆಯ ಬಣ್ಣ, ಕ್ಲ್ಯಾರಿಟಿ ಗ್ರೇಡುಗಳ ಬದಲು ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ವರ್ಗ ಮಾಡಿದೆ. ಹಾಗಾಗಿ ಕಣ್ಣಿನ ಕೆಲಸ ಇನ್ನೂ ಜಾಸ್ತಿ.

ಓಲೆಗೆ ಜೋಡಿ ಬೇಕಾದಾಗ

ಓವಲ್ ಓಲೆಗೆ ಎರಡು ಕಲ್ಲುಗಳ ತೂಕ ಸರಿಹೊಂದಿದರೆ ಸಾಲದು. ಉದ್ದ, ಅಗಲ ಎರಡೂ ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗೆ ಹೊಂದಬೇಕು. ಮಿಂಚಿನ ಬಗೆಯೂ ಹೊಂದಬೇಕು. ಒಂದು ಕ್ರಷ್ಡ್ ಐಸ್, ಇನ್ನೊಂದು ದೊಡ್ಡ ಮುಖಗಳದ್ದು ಆದರೆ ನಾಲ್ಕಡಿ ದೂರದಿಂದಲೇ ವ್ಯತ್ಯಾಸ ಕಾಣುತ್ತದೆ. ಓಲೆಯನ್ನು ಜನ ನೋಡುವುದು ದೂರದಿಂದ, ಹಾಗಾಗಿ ಬೋ ಟೈ ವಿಚಾರದಲ್ಲಿ ಉಂಗುರದಷ್ಟು ಕಟ್ಟುನಿಟ್ಟು ಬೇಡ. ಹಿಂಭಾಗ ಮುಚ್ಚಿದ ಕ್ಲೋಸ್ ಸೆಟ್ಟಿಂಗ್‌ನಲ್ಲಿ ಕೂರಿಸಿದ ಕಲ್ಲಿನಲ್ಲಿ ಸೋರಿಕೆ ಕಂಡುಹಿಡಿಯುವುದು ಕಷ್ಟ. ಕೂರಿಸುವ ಮೊದಲೇ ನೋಡಿಬಿಡಿ.

ದುಡ್ಡು ಕೊಡುವ ಮುಂಚೆ

ಈಗ ಲೂಪ್ ತಗೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು. ಗರ್ಡಲ್ ಮೇಲೆ ಲೇಸರ್‌ನಿಂದ ಕೊರೆದ ನಂಬರ್ ಇದ್ದರೆ ಅದನ್ನು ರಿಪೋರ್ಟಿನ ನಂಬರ್ ಜೊತೆ ತಾಳೆ ನೋಡಿ, ಲ್ಯಾಬ್‌ನ ವೆಬ್‌ಸೈಟಿನಲ್ಲೂ ಹಾಕಿ ನೋಡಿ. ಆ ನಂಬರ್ ಗರ್ಡಲ್‌ನ ಯಾವ ಭಾಗದಲ್ಲಿದೆ ಅಂತ ಗುರುತಿಟ್ಟುಕೊಳ್ಳಿ. ಕೂರಿಸುವವರಿಗೆ ಆ ಜಾಗದ ಮೇಲೆ ಕಲ್ಲನ್ನು ಹಿಡಿದಿಡುವ ಕೊಕ್ಕೆ (ಪ್ರಾಂಗ್) ಬರದಂತೆ ನೋಡಿಕೊಳ್ಳಲು ಹೇಳಿ. ಉಂಗುರ ಕೈಗೆ ಬಂದ ದಿನ ಮತ್ತೊಮ್ಮೆ ಅದೇ ನಂಬರ್ ಓದಿ, ಕಲ್ಲು ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಕೂಡ ಅದೇ ಹೊತ್ತಿಗೆ ನೋಡಿ. 18 ಕ್ಯಾರೆಟ್ ಚಿನ್ನವಾದರೆ 750 ಅಂತ ಇರಬೇಕು.

ಮನೆಗೆ ತಂದ ಕೆಲವು ವಾರಕ್ಕೆ ಕಲ್ಲು ಮಂಕಾದರೆ ಕಟ್ ಮೇಲೆ ಸಂಶಯಪಡುವ ಮುಂಚೆ ಉಂಗುರ ತಿರುಗಿಸಿ ಹಿಂಭಾಗ ನೋಡಿ. ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ತಲೆಗೆ ಹಚ್ಚಿದ ಎಣ್ಣೆ, ಕ್ರೀಮು, ಅಡುಗೆಯ ಜಿಡ್ಡು ಪೆವಿಲಿಯನ್ ಮೇಲೆ ಕೂತರೆ ಬೆಳಕು ಅಲ್ಲೇ ಸೋರುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಉಂಗುರವನ್ನು ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಹಿಂಬದಿಯಿಂದ ಉಜ್ಜಿ. ಸಿಂಕ್‌ನ ತೂತು ಮುಚ್ಚಿಕೊಂಡು ತೊಳೆಯಿರಿ.